ಸೊನ್ನೆ ಮಳೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮಳೆ ಲೆಕ್ಕವನ್ನು ಇಂಟರ್‌ನೆಟ್ಟಿನಿಂದ ತರಿಸಲು ಅಕ್ಕನ ಮಗ ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದಿದ್ದ. ನಾಲ್ಕು ತಾಲ್ಲೂಕಿಗೆ ನಾಲ್ಕು ಪ್ರೊಸೆಸ್. ಎಲ್ಲವೂ ಏಕಕಾಲಕ್ಕೆ ಓಡಬೇಕು.

“ಮಾಮು, ಕುಷ್ಟಗ್ಯಾಗ ಜುಲೈ ಪೂರ್ತಿ ಸೊನ್ನೆ ನೋಡ್ರಿ” ಎಂದ. ಬರದ ಸೀಮೆ, ಯಾರಿಗೂ ಅನುಮಾನ ಬಾರದು. ಗಂಗಾವತಿಯ ಭತ್ತಕ್ಕಾದರೆ ತುಂಗಭದ್ರೆಯ ಎಡದಂಡೆ ಕಾಲುವೆಯಿದೆ. ಕುಷ್ಟಗಿಯ ಸಜ್ಜೆಗೆ ಮಳೆಯೇ ಗತಿ.

ಒಂದೊಂದೇ ತಾಲ್ಲೂಕನ್ನು ಓಡಿಸಿ ನೋಡಿದೆವು. ಕುಷ್ಟಗಿಯ ಸರದಿಯಲ್ಲಿ ಸರ್ವರ್ ಉತ್ತರಿಸದೆ ಎರರ್ ಬಂತು. ಒಟ್ಟಿಗೆ ಓಡಿಸಿದಾಗ ಈ ಎರರ್ ಕಂಡಿರಲೇ ಇಲ್ಲ. ‘ಅಪ್ಲೈ ಅಸಿಂಕ್’ ಮೂಲಕ ಹಂಚಿದ ಕೆಲಸದ ಫಲಿತವನ್ನು ‘ಗೆಟ್’ ಎಂದು ಕೇಳಿ ಪಡೆಯದಿದ್ದರೆ ಪೈಥಾನ್ ತುಟಿ ಬಿಚ್ಚುವುದಿಲ್ಲ. ಖಾಲಿ ಉಳಿದ ಜಾಗಕ್ಕೆ ಪ್ರೋಗ್ರಾಮಿನ ಮುಂದಿನ ಸಾಲು ಸೊನ್ನೆ ತುಂಬಿತ್ತು. ಗೆಟ್ ಸೇರಿಸಿ, ಆ ಸಾಲನ್ನು ಅಳಿಸಿದೆವು. ಈಗ ಉತ್ತರ ಬಾರದ ಕಡೆ ‘ಮಾಹಿತಿ ಇಲ್ಲ’ ಎಂದೇ ಬರುತ್ತದೆ.