ಹನ್ನೆರಡರ ಪ್ರಾಯಕ್ಕೊಂದು ಆಸರೆ: ಬೋಸ್ಟನ್ ನಗರದಲ್ಲೊಂದು ಸುತ್ತು

ಅಮೆರಿಕದ ಈಶಾನ್ಯ ಕರಾವಳಿಯ ಬೋಸ್ಟನ್ ಎಂದೊಡನೆ ಹೆಚ್ಚಿನವರಿಗೆ ಹಾರ್ವರ್ಡ್ ಮತ್ತು ಎಂ.ಐ.ಟಿ. ನೆನಪಾಗುತ್ತವೆ. ಆದರೆ ಆ ವಿಶ್ವವಿದ್ಯಾಲಯಗಳ ಮುಖ್ಯ ಆವರಣಗಳಿರುವುದು ಚಾರ್ಲ್ಸ್ ನದಿಯಾಚೆಯ ಕೇಂಬ್ರಿಜ್‌ನಲ್ಲಿ. ನದಿಯ ಈಚೆಗಿನ ಬೋಸ್ಟನ್‌ನಲ್ಲಿ ಬೇರೊಂದು ಕಥೆಯಿದೆ. ಅದು ದೊಡ್ಡ ಪದವೀಧರರ ಕಥೆಯಲ್ಲ, ಹನ್ನೊಂದರಿಂದ ಹದಿನಾಲ್ಕರ ಪ್ರಾಯದ ಮಕ್ಕಳ ಕಥೆ. ಈ ಪ್ರಾಯದ ಮಕ್ಕಳು ಮನೆಯಲ್ಲಿರುವ ಪ್ರತಿಯೊಬ್ಬ ತಾಯಿಗೂ ಅದರಲ್ಲಿ ತಿಳಿಯಬೇಕಾದ ಸಂಗತಿಗಳಿವೆ.

ಶಾಲೆಯ ಬೀದಿಯಿಂದ ಹಾಲಿನ ಬೀದಿಗೆ

ನಗರದ ನಡುವೆ ಸ್ಕೂಲ್ ಸ್ಟ್ರೀಟ್ ಎಂಬ ಪುಟ್ಟ ಬೀದಿಯಿದೆ. 1635ರಲ್ಲಿ ಸ್ಥಾಪನೆಯಾದ ಬೋಸ್ಟನ್ ಲ್ಯಾಟಿನ್ ಸ್ಕೂಲ್ ಹಿಂದೆ ಇಲ್ಲಿತ್ತು. ಬೀದಿಗೆ ಹೆಸರು ಬಂದದ್ದೂ ಅದರಿಂದಲೇ. ಹಳೆಯ ನಗರಸಭೆಯ ಕಟ್ಟಡದ ಮುಂದೆ ಬೆಂಜಮಿನ್ ಫ್ರಾಂಕ್ಲಿನ್ ಅವರ ಪ್ರತಿಮೆ ನಿಂತಿದೆ. ಮುಂದೆ ವಿಜ್ಞಾನಿಯಾಗಿ, ಅಮೆರಿಕದ ಸ್ಥಾಪಕರಲ್ಲೊಬ್ಬರಾಗಿ ಹೆಸರಾದ ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಇಲ್ಲಿಂದ ಕೆಲವೇ ಹೆಜ್ಜೆ ದೂರದ ಮಿಲ್ಕ್ ಸ್ಟ್ರೀಟಿನಲ್ಲಿ. ತಂದೆ ಸಾಬೂನು ಮತ್ತು ಮೇಣದ ಬತ್ತಿ ತಯಾರಿಸುತ್ತಿದ್ದರು. ದೊಡ್ಡ ಸಂಸಾರ. ಮಗನನ್ನು ಹೆಚ್ಚು ಕಾಲ ಶಾಲೆಗೆ ಕಳುಹಿಸಲು ಅವರಿಂದಾಗಲಿಲ್ಲ.

ಆದರೆ ಆ ತಂದೆ ಒಂದು ಒಳ್ಳೆಯ ಕೆಲಸ ಮಾಡಿದರು. ಮಗನ ಮನಸ್ಸು ಯಾವ ಕಸಬಿನತ್ತ ವಾಲುತ್ತದೆಂದು ತಿಳಿಯಲು ಅವನನ್ನು ಬಡಗಿಗಳು, ಗಾರೆಯವರು, ಹಿತ್ತಾಳೆ ಕೆಲಸದವರು ಇರುವಲ್ಲಿಗೆಲ್ಲ ಕರೆದೊಯ್ದು ತೋರಿಸಿದರು. ಇದನ್ನು ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೊನೆಗೆ 1718ರಲ್ಲಿ, ಹನ್ನೆರಡನೆಯ ಪ್ರಾಯದಲ್ಲಿ, ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಅವರು ಅಪ್ರೆಂಟಿಸ್ ಆದರು. ಇಪ್ಪತ್ತೊಂದು ವರ್ಷ ತುಂಬುವ ತನಕ ದುಡಿಯಬೇಕೆಂಬ ಕರಾರು. ಕಸಬನ್ನೇನೋ ಕಲಿತರು, ಆದರೆ ಅಣ್ಣನ ಏಟುಗಳನ್ನೂ ತಿಂದರು. ಹದಿನೇಳನೆಯ ಪ್ರಾಯದಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದರು.

ಮಗುವಿಗೆ ಕಸಬು ತೋರಿಸುವುದು ಬೇರೆ, ಕಸಬಿಗೆ ಮಗುವನ್ನು ಕಟ್ಟಿಹಾಕುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ತಿಳಿಯಲು ಬೋಸ್ಟನ್‌ಗೆ ಬಹುಕಾಲ ಬೇಕಾಯಿತು. ಕಟ್ಟಿಹಾಕದೆ ತೋರಿಸುವ ದಾರಿಯೊಂದನ್ನು ಇದೇ ನಗರದ ಇಬ್ಬರು ಕಂಡುಕೊಂಡದ್ದು 1990ರ ದಶಕದಲ್ಲಿ.

ಹತ್ತು ವಾರಗಳ ಗುರುಗಳು

ಮಿಲ್ಕ್ ಸ್ಟ್ರೀಟಿನಿಂದ ಸಮುದ್ರದ ಕಡೆಗೆ ನಡೆದು ಸೇತುವೆ ದಾಟಿದರೆ ಬೋಸ್ಟನ್ ಮಕ್ಕಳ ವಸ್ತುಸಂಗ್ರಹಾಲಯ ಸಿಗುತ್ತದೆ. ಅದರ ಮುಂದೆ 40 ಅಡಿ ಎತ್ತರದ ಹಾಲಿನ ಬಾಟಲಿಯೊಂದು ನಿಂತಿರುವುದರಿಂದ ಗುರುತು ಹಿಡಿಯಲು ಕಷ್ಟವಿಲ್ಲ. ಈ ಕಟ್ಟಡದಲ್ಲಿ ಹಲವು ವರ್ಷ 'ಸಿಟಿಜನ್ ಸ್ಕೂಲ್ಸ್' ಎಂಬ ಸಂಸ್ಥೆಯ ಕಚೇರಿಯಿತ್ತು. ಅದನ್ನು ಎರಿಕ್ ಶ್ವಾರ್ಜ್ ಮತ್ತು ನೆಡ್ ರೈಮರ್ ಎಂಬ ಇಬ್ಬರು ಗೆಳೆಯರು 1995ರಲ್ಲಿ ಆರಂಭಿಸಿದರು. ಶ್ವಾರ್ಜ್ ಹಿಂದೆ ಪತ್ರಕರ್ತರಾಗಿದ್ದವರು, ರೈಮರ್ ಪ್ರಥಮ ಚಿಕಿತ್ಸೆ ಬಲ್ಲವರು. ಡಾರ್ಚೆಸ್ಟರ್ ಎಂಬ ಬಡಾವಣೆಯ ಶಾಲೆಯಲ್ಲಿ ಒಬ್ಬರು ಮಕ್ಕಳಿಗೆ ಪತ್ರಿಕೆ ಮಾಡುವುದನ್ನು ಕಲಿಸಿದರು, ಇನ್ನೊಬ್ಬರು ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಿದರು. ತಮಗೆ ಗೊತ್ತಿದ್ದುದನ್ನೇ ಕಲಿಸಿದರು, ಅಷ್ಟೇ.

ಆ ಪುಟ್ಟ ಪ್ರಯೋಗ ಬೆಳೆದು ಒಂದು ಕ್ರಮವಾಯಿತು. ವಕೀಲರು, ಇಂಜಿನಿಯರರು, ಅಡುಗೆಯವರು, ವಿಜ್ಞಾನಿಗಳು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಸಂಬಳವಿಲ್ಲದೆ, ವಾರಕ್ಕೆ ಸುಮಾರು ಒಂದೂವರೆ ಗಂಟೆ ಶಾಲೆಗೆ ಬರುತ್ತಿದ್ದರು. ಆರರಿಂದ ಎಂಟನೆಯ ತರಗತಿಯ ಮಕ್ಕಳ ಸಣ್ಣ ಗುಂಪಿಗೆ ಹತ್ತು ವಾರ ತಮ್ಮ ಕಸಬಿನ ರುಚಿ ತೋರಿಸುತ್ತಿದ್ದರು. ಜೊತೆಗೆ ಸಂಸ್ಥೆಯ ಯುವ ಸಿಬ್ಬಂದಿ ಇದ್ದು ಮನೆಪಾಠಕ್ಕೂ ನೆರವಾಗುತ್ತಿದ್ದರು. ಹತ್ತು ವಾರ ಮುಗಿದಾಗ 'ವಾವ್' ಎಂಬ ಸಮಾರಂಭ. ಕಲಿತದ್ದನ್ನು ಮಕ್ಕಳು ಹೆತ್ತವರ ಮತ್ತು ಊರವರ ಮುಂದೆ ಸ್ವತಃ ಮಾಡಿ ತೋರಿಸಬೇಕು. ಇಲ್ಲಿ ಅಂಕಪಟ್ಟಿಯಿಲ್ಲ. ಮಗಳು ಎದ್ದು ನಿಂತು ಮಾತನಾಡುವುದನ್ನು ತಾಯಿ ಕಣ್ಣಾರೆ ಕಾಣುತ್ತಾಳೆ.

2006ರಲ್ಲಿ ಮ್ಯಾಸಚೂಸೆಟ್ಸ್ ಸರಕಾರ ಹತ್ತು ಶಾಲೆಗಳ ಕಲಿಕೆಯ ಸಮಯವನ್ನು ವರ್ಷಕ್ಕೆ ಕನಿಷ್ಠ 300 ಗಂಟೆಗಳಷ್ಟು ಹೆಚ್ಚಿಸಿದಾಗ ಚಾರ್ಲ್ಸ್‌ಟೌನ್ ಬಡಾವಣೆಯ ಎಡ್ವರ್ಡ್ಸ್ ಮಿಡ್ಲ್ ಸ್ಕೂಲ್ ಈ ಕ್ರಮವನ್ನು ತನ್ನ ದಿನಚರಿಗೇ ಸೇರಿಸಿಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ಬೋಸ್ಟನ್ ತನ್ನ ಪ್ರತ್ಯೇಕ ಮಿಡ್ಲ್ ಸ್ಕೂಲುಗಳನ್ನು ಹಂತಹಂತವಾಗಿ ಬೇರೆ ಶಾಲೆಗಳೊಡನೆ ಸೇರಿಸುತ್ತಾ ಬಂದಿದೆ. ಆದರೆ ಕಸಬುದಾರರು ಮಕ್ಕಳ ಬಳಿಗೆ ಬರುವ ಪದ್ಧತಿ ಈ ನಗರದಲ್ಲಿ ಹಲವು ರೂಪಗಳಲ್ಲಿ ಬೇರೂರಿದೆ. 1988ರಲ್ಲಿ ಇಲ್ಲೇ ಹುಟ್ಟಿದ 'ಸಿಟಿ ಇಯರ್' ಸಂಸ್ಥೆಯ ಯುವಕ ಯುವತಿಯರು ಒಂದು ವರ್ಷವನ್ನು ಸಮಾಜಸೇವೆಗೆ ಮೀಸಲಿಡುತ್ತಾರೆ. ಮಿಡ್ಲ್ ಸ್ಕೂಲ್ ಮಕ್ಕಳನ್ನು ಶನಿವಾರಗಳಲ್ಲಿ ಸೇವಾಕಾರ್ಯಕ್ಕೆ ಕರೆದೊಯ್ಯುವ 'ಯಂಗ್ ಹೀರೋಸ್' ಕಾರ್ಯಕ್ರಮವನ್ನೂ ಆ ಸಂಸ್ಥೆ ನಡೆಸಿತು. ಸಹಾಯ ಪಡೆಯುವ ಮಗು ಸಹಾಯ ಮಾಡುವುದನ್ನೂ ಕಲಿಯಬೇಕೆಂಬುದು ಇದರ ಹಿಂದಿನ ಆಶಯ.

ನ್ಯಾಯಾಲಯದಲ್ಲಿ ಎಂಟನೆಯ ತರಗತಿ

ಹಾಲಿನ ಬಾಟಲಿಯಿಂದ ಸ್ವಲ್ಪ ಮುಂದೆ, ಬಂದರಿಗೆ ಮುಖ ಮಾಡಿ ಮೋಕ್ಲಿ ಫೆಡರಲ್ ನ್ಯಾಯಾಲಯವಿದೆ. ಅದರ ಒಂದು ಬದಿಯುದ್ದಕ್ಕೂ ಗಾಜಿನ ಗೋಡೆ. ಒಳಗೆ ನಿಂತರೆ ಸಮುದ್ರ ಕಾಣುತ್ತದೆ. 'ಡಿಸ್ಕವರಿಂಗ್ ಜಸ್ಟಿಸ್' ಎಂಬ ಸಂಸ್ಥೆ ಈ ನ್ಯಾಯಾಲಯವನ್ನು ನೆಲೆಯಾಗಿಸಿಕೊಂಡು ಮಕ್ಕಳಿಗೆ ಅಣಕು ವಿಚಾರಣೆ ಕಲಿಸುತ್ತಾ ಬಂದಿದೆ. ವಕೀಲರು ಸ್ವಯಂಸೇವಕರಾಗಿ ಮಕ್ಕಳೊಡನೆ ವಾರವಾರ ಕೂರುತ್ತಾರೆ. ಮಕ್ಕಳಲ್ಲಿ ಕೆಲವರು ವಾದಿಸುವ ವಕೀಲರು, ಕೆಲವರು ಸಾಕ್ಷಿಗಳು. ಪ್ರಶ್ನೆ ಹೇಗೆ ಕೇಳಬೇಕು, ಪಾಟೀಸವಾಲಿನಲ್ಲಿ ಎಲ್ಲಿ ನಿಲ್ಲಿಸಬೇಕು, ಕೋಪ ಬಂದರೂ ದನಿಯನ್ನು ಹೇಗೆ ಹಿಡಿತದಲ್ಲಿಡಬೇಕು ಎಂಬುದನ್ನೆಲ್ಲ ಕಲಿಯುತ್ತಾರೆ. ಕೊನೆಗೆ ನಿಜವಾದ ನ್ಯಾಯಾಲಯದಲ್ಲಿ, ನಿಜವಾದ ನ್ಯಾಯಾಧೀಶರ ಮುಂದೆ ವಾದಿಸುತ್ತಾರೆ.

ಇದರ ಬೆಲೆ ಏನೆಂದು ತಿಳಿಯಬೇಕಾದರೆ ಇಲ್ಲಿಂದ ನೈಋತ್ಯಕ್ಕಿರುವ ರಾಕ್ಸ್‌ಬರಿ ಬಡಾವಣೆಗೆ ಹೋಗಬೇಕು.

ಡೇಲ್ ಸ್ಟ್ರೀಟಿನ ಮನೆ

ರಾಕ್ಸ್‌ಬರಿಯ ಡೇಲ್ ಸ್ಟ್ರೀಟಿನಲ್ಲಿ 72ನೆಯ ನಂಬರಿನ ಮನೆಯೊಂದಿದೆ. 1941ರಲ್ಲಿ ಮಿಷಿಗನ್‌ನಿಂದ ಒಬ್ಬ ಹುಡುಗ ಬೋಸ್ಟನ್‌ನಲ್ಲಿದ್ದ ತನ್ನ ಮಲಅಕ್ಕ ಎಲ್ಲಾಳನ್ನು ಆಶ್ರಯಿಸಿ ಬಂದ. ಈ ಮನೆ ಅವರಿಬ್ಬರ ಹೆಸರಿನಲ್ಲಿ ಉಳಿದಿದೆ. ತಂದೆ ತೀರಿಹೋಗಿದ್ದರು. ತಾಯಿ ಮಾನಸಿಕ ಆಸ್ಪತ್ರೆ ಸೇರಿದ್ದರು. ಹುಡುಗ ಮಾತ್ರ ಓದಿನಲ್ಲಿ ಮುಂದಿದ್ದ. ತರಗತಿಯ ನಾಯಕನಾಗಿಯೂ ಆಯ್ಕೆಯಾಗಿದ್ದ. ಎಂಟನೆಯ ತರಗತಿಯಲ್ಲಿದ್ದಾಗ, ಮುಂದೇನಾಗಬೇಕೆಂದಿರುವೆ ಎಂದು ಅವನ ಮೆಚ್ಚಿನ ಅಧ್ಯಾಪಕರು ಕೇಳಿದರು. ವಕೀಲನಾಗಬೇಕು ಎಂದ. ಕರಿಯನಿಗೆ ಅದು ಆಗುವ ಮಾತಲ್ಲ, ನಿನ್ನ ಕೈ ಚೆನ್ನಾಗಿದೆ, ಬಡಗಿಯಾಗು ಎಂಬರ್ಥದ ಉತ್ತರ ಸಿಕ್ಕಿತು. ಅವನಿಗಿಂತ ಕಡಿಮೆ ಅಂಕ ಪಡೆದ ಬಿಳಿಯ ಮಕ್ಕಳಿಗೆ ಅದೇ ಅಧ್ಯಾಪಕರು ಪ್ರೋತ್ಸಾಹ ನೀಡಿದ್ದರು.

ಆ ಹುಡುಗ ಮಾಲ್ಕಮ್ ಎಕ್ಸ್. ಅಂದಿನಿಂದ ತನ್ನೊಳಗೆ ಏನೋ ಬದಲಾಯಿತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎಂಟನೆಯ ತರಗತಿಗೇ ಓದು ಮುಗಿಯಿತು. ಬೋಸ್ಟನ್‌ನಲ್ಲಿ ಅವರು ಬೂಟು ಪಾಲಿಶ್ ಮಾಡಿದರು, ಕೆಟ್ಟ ಸಹವಾಸಕ್ಕೆ ಬಿದ್ದರು, 1946ರಲ್ಲಿ ಜೈಲು ಸೇರಿದರು. ಆಗಲೂ ಕೈಬಿಡದವಳು ಎಲ್ಲಾ. ಆಕೆಯ ಪ್ರಯತ್ನದಿಂದ 1948ರಲ್ಲಿ, ದೊಡ್ಡ ಗ್ರಂಥಾಲಯವಿದ್ದ ನಾರ್ಫೋಕ್ ಜೈಲಿಗೆ ಅವರ ವರ್ಗಾವಣೆಯಾಯಿತು. ಅಲ್ಲಿ ಅವರು ಹಗಲಿರುಳು ಓದಿದರು, ಚರ್ಚಾಸ್ಪರ್ಧೆಗಳಲ್ಲಿ ವಾದಿಸಿದರು. 1964ರಲ್ಲಿ ಹಜ್ಜ್ ಯಾತ್ರೆಗೆ ಹೊರಟಾಗ ಖರ್ಚಿಗೆ ಹಣ ಕೊಟ್ಟವಳೂ ಅದೇ ಅಕ್ಕ. ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತದ್ದನ್ನು ಅಲ್ಲಿ ಕಂಡು ಅವರ ಮನಸ್ಸು ಮತ್ತೊಮ್ಮೆ ಬದಲಾಯಿತು. 1965ರ ಫೆಬ್ರವರಿ 21ರಂದು ಅವರ ಹತ್ಯೆಯಾದಾಗ ಅವರಿಗಿನ್ನೂ 39 ವರ್ಷ.

ವಾದಿಸುವ ಕಲೆಯನ್ನು ಅವರು ಜೈಲಿನಲ್ಲಿ ಕಲಿಯಬೇಕಾಯಿತು. ಇಂದು ಅದೇ ನಗರದಲ್ಲಿ ಎಂಟನೆಯ ತರಗತಿಯ ಮಕ್ಕಳು ಅದನ್ನು ವಕೀಲರ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ಒಬ್ಬ ದೊಡ್ಡವರ ಒಂದು ಮಾತು ಆ ಪ್ರಾಯದ ಮಗುವನ್ನು ಎತ್ತಲೂಬಹುದು, ಬೀಳಿಸಲೂಬಹುದು.

ಡೇಲ್ ಸ್ಟ್ರೀಟಿನಿಂದ ನ್ಯೂಬಿಯನ್ ಚೌಕಕ್ಕೆ ಇಳಿದರೆ ಅವರದೇ ಹೆಸರಿನ ಮಾಲ್ಕಮ್ ಎಕ್ಸ್ ಬುಲೆವಾರ್ಡ್ ಎಂಬ ರಸ್ತೆ ಸಿಗುತ್ತದೆ. ಆ ರಸ್ತೆಯಲ್ಲಿ ಮ್ಯಾಡಿಸನ್ ಪಾರ್ಕ್ ಎಂಬ ವೃತ್ತಿಶಿಕ್ಷಣದ ಪ್ರೌಢಶಾಲೆಯಿದೆ. 2009ರಲ್ಲಿ ತೆರೆದ ಇಸ್ಲಾಮಿಕ್ ಸೊಸೈಟಿಯ ದೊಡ್ಡ ಮಸೀದಿಯೂ ಅದೇ ರಸ್ತೆಯಲ್ಲಿದೆ. ಬಡಗಿಯಾಗುವುದು ಹೀನವಲ್ಲ, ವಕೀಲನಾಗುವುದು ಯಾರಿಗೂ ನಿಷಿದ್ಧವೂ ಅಲ್ಲ. ಎರಡನ್ನೂ ಹತ್ತಿರದಿಂದ ನೋಡಿ ಆಯ್ದುಕೊಳ್ಳುವ ಅವಕಾಶ ಮಗುವಿಗೆ ಸಿಗಬೇಕು.

ಕೊಟ್ಟ ಮಾತು ಉಳಿಸಬೇಕು

ಆದರೆ ಇಲ್ಲೊಂದು ಎಚ್ಚರಿಕೆಯೂ ಇದೆ. ಡಾರ್ಚೆಸ್ಟರ್‌ನ ಸಮುದ್ರ ತೀರದಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಜೀನ್ ರೋಡ್ಸ್, ಸಹ ಸಂಶೋಧಕಿ ಜೀನ್ ಗ್ರಾಸ್‌ಮನ್ ಜೊತೆ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಾರ್ಗದರ್ಶಕರ ನಂಟು ಒಂದು ವರ್ಷ ಅಥವಾ ಹೆಚ್ಚು ಕಾಲ ಉಳಿದ ಮಕ್ಕಳಿಗೆ ಅತಿ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಕಡಿದುಹೋದಲ್ಲಿ ಮಕ್ಕಳಿಗೆ ತಮ್ಮ ಮೇಲಿದ್ದ ಗೌರವವೇ ಕುಗ್ಗಿತ್ತು. ಉತ್ಸಾಹದಿಂದ ಆರಂಭಿಸಿ ನಡುವೆ ಕೈಬಿಡುವುದಕ್ಕಿಂತ ಆರಂಭಿಸದಿರುವುದೇ ಲೇಸೆಂದು ಇದರಿಂದ ತೋರುತ್ತದೆ. ಹತ್ತು ವಾರವೆಂದು ಹೇಳಿದರೆ ಹತ್ತೂ ವಾರ ಬರಬೇಕು. ಮಗು ಬಾಗಿಲ ಕಡೆ ನೋಡುತ್ತಾ ಕೂತಿರುತ್ತದೆ.

ಸಹೋದರಿಯರೇ, ನಮ್ಮ ಮೊಹಲ್ಲಾಗಳಲ್ಲೂ ಹನ್ನೆರಡರ ಹುಡುಗರು ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಹಿಡಿದು ನಿಂತಿರುವುದನ್ನು ಕಾಣುತ್ತೇವೆ. ಅವರ ಪುಸ್ತಕದ ಚೀಲ ಮನೆಯ ಮೂಲೆಯಲ್ಲಿರುತ್ತದೆ. ಅದು ಕಲಿಕೆಯಲ್ಲ, ದುಡಿಮೆ. ಅದೇ ಮೊಹಲ್ಲಾದಲ್ಲಿ ದಾದಿಯರಿದ್ದಾರೆ, ಟೈಲರಿಂಗ್ ಬಲ್ಲವರಿದ್ದಾರೆ, ಬ್ಯಾಂಕಿನ ಲೆಕ್ಕ ತಿಳಿದವರಿದ್ದಾರೆ, ಅಪರೂಪಕ್ಕಾದರೂ ಒಬ್ಬ ವಕೀಲೆಯಿದ್ದಾಳೆ. ವಾರಕ್ಕೆ ಒಂದೂವರೆ ಗಂಟೆ ದೊಡ್ಡ ಸಮಯವೇನಲ್ಲ. ಅದಕ್ಕೆ ಹಣ ಬೇಡ, ಕಟ್ಟಡವೂ ಬೇಡ. ಮಗುವನ್ನು ಶಾಲೆ ಬಿಡಿಸದೆ, ಶಾಲೆಯ ಬಳಿಕ ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಕೆಲಸವನ್ನು ತೋರಿಸಿದರಾಯಿತು. ಮುಂದೇನಾಗಬೇಕೆಂದಿರುವೆ ಎಂದು ಆ ಮಗುವನ್ನು ಕೇಳೋಣ. ಉತ್ತರ ಬಂದಾಗ ನಗದೆ ಕೇಳಿಸಿಕೊಳ್ಳೋಣ. ಆ ಕೆಲಸ ಬಲ್ಲವರೊಬ್ಬರ ಮನೆಗೆ ಅವನನ್ನೋ ಅವಳನ್ನೋ ಕೈಹಿಡಿದು ಕರೆದೊಯ್ಯೋಣ.