ಐದಕ್ಷರದ ಎರಡು ಊರು

ಕಂಪ್ಯೂಟರಿನ ಕಪ್ಪು ಕಿಟಕಿ, ಅಂದರೆ ಟರ್ಮಿನಲ್, ಅಕ್ಷರಗಳನ್ನಷ್ಟೇ ಬಲ್ಲದು. ಬಣ್ಣವನ್ನೂ ಅದಕ್ಕೆ ಅಕ್ಷರದಲ್ಲೇ ಹೇಳಬೇಕು. ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಅಕ್ಷರವೊಂದಿದೆ, ಅದರ ಸಂಖ್ಯೆ 27. ಅದು ಬಂತೆಂದರೆ ‘ಮುಂದಿನದನ್ನು ಬರೆಯಬೇಡ, ಹೇಳಿದ್ದು ಮಾಡು’ ಎಂದರ್ಥ. ಅದರ ಬೆನ್ನಿಗೆ ಒಂದು ಚೌಕ ಆವರಣ, 31, ಇಂಗ್ಲಿಷಿನ ಸಣ್ಣ ಎಂ ಕಳಿಸಿದರೆ ಬರಹ ಕೆಂಪಾಗುತ್ತದೆ. 32 ಆದರೆ ಹಸಿರು, 0 ಆದರೆ ಮೊದಲಿನಂತೆ. 1978ರ ವಿಟಿ100 ಯಂತ್ರ ಇಂಥ ಎಸ್ಕೇಪ್ ಸಂಕೇತಗಳನ್ನು ಜನಪ್ರಿಯಗೊಳಿಸಿತು. ಅದರ ಪರದೆಯಲ್ಲಿ 24 ಸಾಲು, ಸಾಲಿಗೆ 80 ಮನೆ, ಚೌಕಾಬಾರದ ಹಾಗೆ. ಆ ಯಂತ್ರ ಮೂಲೆ ಸೇರಿದೆ, ನನ್ನ ಲ್ಯಾಪ್‌ಟಾಪಿನ ಟರ್ಮಿನಲ್ ಮಾತ್ರ ಇಂದಿಗೂ ಅದರ ವೇಷ ಹಾಕಿಕೊಂಡೇ ಕೂತಿದೆ.

ಈ ಮನೆಗಳೊಳಗೆ ಕನ್ನಡ ಹೇಗೆ ಕೂರುತ್ತದೆ ಎಂಬುದೇ ನನ್ನ ತಕರಾರು. ನನ್ನ ಪಿಎಚ್‌ಡಿ ಕಲಬುರಗಿ ಪೇಟೆಯ ಮಾತು ಮತ್ತು ಕಮಲಾಪುರದ ತೋಟಗಳ ಮಾತಿನ ಮೇಲೆ. ಉರ್ದು, ಮರಾಠಿ, ತೆಲುಗು ಬೆರೆತ ಆ ಮಾತುಗಳನ್ನು ಊರಿನ ಹೆಸರಿನ ಮುಂದೆ ಪಟ್ಟಿ ಮಾಡಿ, ಹಾಸ್ಟೆಲಿನ ಹಳೇ ಯಂತ್ರದಲ್ಲಿ ಟರ್ಮಿನಲ್ಲಿಗೇ ಹಾಯಿಸಿ ನೋಡುತ್ತೇನೆ. ಸಾಲುಗಳು ಹಲ್ಲುಕಚ್ಚಿ ಒಂದರ ಕೆಳಗೊಂದು ನಿಲ್ಲುತ್ತಿರಲಿಲ್ಲ.

ಕಲಬುರಗಿ, ಕಮಲಾಪುರ: ಬಾಯಲ್ಲಿ ಹೇಳಿದರೆ ಎರಡೂ ಐದಕ್ಷರ. ಯೂನಿಕೋಡ್ ಸ್ವರಚಿಹ್ನೆಗಳನ್ನು ಬೇರೆಯಾಗಿ ಎಣಿಸುವುದರಿಂದ ನನ್ನ ಪ್ರೋಗ್ರಾಮಿಗೆ ಎರಡೂ ಏಳು. ಟರ್ಮಿನಲ್ಲಿಗೆ ಮಾತ್ರ ಕಲಬುರಗಿ ಆರು ಮನೆ, ಕಮಲಾಪುರ ಏಳು! ‘ಗಿ’ಯ ಗುಡಿಸು ಅಕ್ಷರದ ತಲೆಯ ಮೇಲೆ ಕೂರುವುದರಿಂದ ಅದಕ್ಕೆ ಜಾಗ ಬೇಡ, ದೀರ್ಘವೂ ಕೊಂಬೂ ಪಕ್ಕಕ್ಕೆ ಚಾಚುವುದರಿಂದ ಒಂದೊಂದು ಮನೆ ಬೇಕು. ಯೂನಿಕೋಡಿನ ಈ ವರ್ಗೀಕರಣ ತಪ್ಪೇನಲ್ಲ. ಆದರೆ ಒಂದಕ್ಷರಕ್ಕೆ ಒಂದು ಮನೆ ಎಂಬ ನಿಯಮವೇ ನಮ್ಮ ಲಿಪಿಯನ್ನು ನೋಡಿ ಮಾಡಿದ್ದಲ್ಲ. ಒತ್ತಕ್ಷರ ಬಂದರಂತೂ ಕೇಳಲೇಬೇಡಿ.

ಪರಿಹಾರ ಎಸ್ಕೇಪ್ ಸಂಕೇತದಲ್ಲೇ ಸಿಕ್ಕಿತು. ಖಾಲಿ ಜಾಗ ಎಣಿಸಿ ತುಂಬುವ ಬದಲು, ಊರಿನ ಹೆಸರು ಮುಗಿದ ಕೂಡಲೇ ಎಸ್ಕೇಪ್, ಆವರಣ, 20, ದೊಡ್ಡ ಜಿ ಕಳಿಸುತ್ತೇನೆ. ‘ಎಲ್ಲೇ ಇರು, 20ನೇ ಮನೆಗೆ ಹೋಗು’ ಎಂಬ ಅಪ್ಪಣೆ ಅದು. ಹೆಸರು ಎಷ್ಟು ಮನೆ ತಿಂದಿದ್ದರೂ ಮುಂದಿನ ಮಾತು ಅಲ್ಲಿಂದಲೇ ಶುರು.

ಕಮಲಾಪುರದಲ್ಲಿ ಮಾತ್ರ ಸಿಕ್ಕ ಮಾತುಗಳಿಗೆ 31 ಕೊಟ್ಟಿದ್ದೆ. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಯ ಊರಲ್ಲವೇ, ಕೆಂಪೇ ಇರಲಿ ಅಂತ. ಪಟ್ಟಿ ತೋರಿಸಲು ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಹೋದೆ. ತೋಟದ ಕಾಕಾ ಪರದೆಯನ್ನು ಬಹಳ ಹೊತ್ತು ನೋಡಿದರು.

“ನಾ ಹೇಳಿದ್ವೇ ಯಾಕ ಕೆಂಪ್ ಆಗ್ಯಾವ? ತಪ್ಪ್ ಅವೇನ್ ಯವ್ವಾ?”

ಸಾಲಿ ಮಾಸ್ತರರ ಕೆಂಪು ಶಾಯಿ ಅವರಿಗಿನ್ನೂ ನೆನಪಿತ್ತು. ಬಾಳೆಯ ವಿಚಾರ ವಿವರಿಸುತ್ತ ಕೂರಲು ಮನಸ್ಸಾಗಲಿಲ್ಲ. ಕಟ್ಟೆಯ ಮೇಲೆ ಕೂತೇ 31 ಅಳಿಸಿ 32 ಮಾಡಿ ಮತ್ತೆ ಹಾಯಿಸಿದೆ. ಕಾಕಾ ಹಸಿರು ಸಾಲುಗಳನ್ನು ಒಂದೊಂದಾಗಿ ಓದಿಸಿಕೊಂಡು, ಪಟ್ಟಿಯಲ್ಲಿಲ್ಲದ ಇನ್ನೆರಡು ಮಾತು ಬರೆಸಿದರು.