ಪೈಪಿನ ಸದ್ದಿಗೆ ಭದ್ರಾವತಿ ಮದ್ದು

ಶಿವಮೊಗ್ಗದ ನಮ್ಮ ಅಪಾರ್ಟ್‌ಮೆಂಟಲ್ಲಿ ಬೆಳಗ್ಗೆ ತಾರಸಿಯ ಸೋಲಾರ್‌ನಿಂದ ಬಿಸಿನೀರು ಇಳಿದರೆ ಸಾಕು, ಡಕ್ಟಿನ ಪೈಪು ಟಕ್ ಟಕ್ ಅನ್ನತ್ತೆ. ಕೆಳಮನೆಯ ಕೂಸು ಎದ್ದು ಅಳತ್ತೆ. ಅವರ ಮನೆಗೂ ನಮಗೂ ಮಾತೇ ನಿಲ್ಲೋ ಹಾಗಾಗಿತ್ತು. ಪ್ಲಂಬರ್ ಬಂದವರು, ಗೋಡೆ ಒಡೀಬೇಕು ಅಂದ್ರು.

ಭಾನುವಾರ ಬಸ್ ಹತ್ತಿ ಭದ್ರಾವತಿಗೆ ಹೋದೆ. 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರುಮಾಡಿದ ಊರು. ವಿಶ್ವೇಶ್ವರಯ್ಯನವರ ಹೆಸರಿನ ಆ ಕಾರ್ಖಾನೆಯ ಸದ್ದು ಈಗ ಮೊದಲಿನಷ್ಟಿಲ್ಲ. ಆದರೆ ಅಲ್ಲಿ ದುಡಿದ ನನ್ನ ಸೋದರಮಾವನ ಕಿವಿ ಇನ್ನೂ ಚುರುಕು. "ಕಾದದ್ದು ಹಿಗ್ಗತ್ತೆ ಮಾರಾಯ. ಹಿಗ್ಗಕ್ಕೆ ಜಾಗ ಬಿಟ್ಟಿದಾರಾ ನೋಡು" ಅಂದ್ರು.

ಹತ್ತು ಮೀಟರ್ ಕಬ್ಬಿಣದ ಪೈಪು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 5 ಮಿಲಿಮೀಟರ್ ಉದ್ದವಾಗತ್ತೆ. ನಮ್ಮಲ್ಲಿರೋ ಸಿಪಿವಿಸಿ ಅದರ ಐದು ಪಟ್ಟು! ಬಿಗಿ ಕ್ಲಾಂಪಿನೊಳಗೆ ತಿಣುಕಿ ಜಾರುವಾಗ ಬರೋದೇ ಆ ಟಕ್ ಟಕ್.

ಕ್ಲಾಂಪು ಸಡಿಲಿಸಿ, ನಡುವೆ ರಬ್ಬರ್ ಪಟ್ಟಿ ಇಡಿಸಿದೆವು. ಗೋಡೆ ಉಳೀತು, ಕೂಸಿನ ನಿದ್ದೆಯೂ ಉಳೀತು.

ನಲ್ಲಿ ನಿಲ್ಲಿಸಿದಾಗ 'ಧಡ್' ಅಂದ್ರೆ ಮಾತ್ರ ಕಾರಣ ಬೇರೆ. ರಭಸದ ನೀರು ಥಟ್ಟನೆ ನಿಂತ ಹೊಡೆತ ಅದು. ನಲ್ಲಿಯನ್ನ ನಿಧಾನ ತಿರುಗಿಸಿ ನೋಡಿ.